ಮಾರ್ಫನ್ ಇದ್ದವರ ಎದೆಗೆ ಪೆಟ್ಟು ಬಿದ್ದರೆ: ಕವಾಟ ಹರಿದಿದೆಯೇ ಎಂದು ತಿಳಿಯುವುದು ಹೇಗೆ, ಎಲ್ಲಿಗೆ ಹೋಗುವುದು

"ಡಾಕ್ಟ್ರೇ, ನಮ್ಮ ಹುಡುಗಗ ಮಾರ್ಫನ್ ಐತಿ ಅಂತ ಮೊದಲೇ ಹೇಳ್ಯಾರ. ಮೊನ್ನೆ ಬೈಕ್ ಮ್ಯಾಲಿಂದ ಬಿದ್ದಾನ, ಹ್ಯಾಂಡಲ್ ಎದಿಗೆ ಬಡದೈತಿ. ಇಸಿಜಿ ನಾರ್ಮಲ್ ಬಂದೈತ್ರಿ. ಇನ್ನೇನರ ಮಾಡಸ್ಬೇಕಾ?"

ಗಂಗಾವತಿಯಲ್ಲಿ ಕೂತ ನನಗೆ ಸಿಂಧನೂರು, ಕುಷ್ಟಗಿ, ಸಂಡೂರು ಕಡೆಯಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹ್ಯಾಂಡಲ್ ಬದಲು ಒಮ್ಮೆ ಟ್ರ್ಯಾಕ್ಟರ್ ಸ್ಟೇರಿಂಗ್, ಒಮ್ಮೆ ಎತ್ತಿನ ಒದೆ, ಒಮ್ಮೆ ಮಿಲ್ಲಿನಲ್ಲಿ ಮೇಲಿಂದ ಉರುಳಿದ ಭತ್ತದ ಚೀಲ. ಉತ್ತರ ಮಾತ್ರ ಬದಲಾಗುವುದಿಲ್ಲ: ಹೌದು, ಎಕೋ, ಅಂದರೆ ಶಬ್ದದ ಅಲೆಯಿಂದ ಹೃದಯದ ಚಿತ್ರ ತೆಗೆಯುವ ಸ್ಕ್ಯಾನ್, ಮಾಡಿಸಬೇಕು. ಇಂಥವರಲ್ಲಿ ಇಸಿಜಿ ನಾರ್ಮಲ್ ಎನ್ನುವುದು ಅರ್ಧ ಮಾತು. ಉಳಿದರ್ಧ ಎಕೋದಲ್ಲಿದೆ, ಅದೂ ಒಂದೇ ಸಲದ ಎಕೋದಲ್ಲಿ ಅಲ್ಲ.

ಎದೆಗೆ ಪೆಟ್ಟು ಬಿದ್ದು ಹೃದಯದ ಕವಾಟ ಹರಿಯುವುದು ಅಪರೂಪ. ಬಿದ್ದವರೆಲ್ಲ ಗಾಬರಿಯಾಗಬೇಕಿಲ್ಲ. ಆದರೆ ಮಾರ್ಫನ್‌ನಂಥ ಸಂಯೋಜಕ ಅಂಗಾಂಶದ ದೋಷ ಹುಟ್ಟಿನಿಂದ ಇರುವವರ ಲೆಕ್ಕ ಬೇರೆ. ಸಂಯೋಜಕ ಅಂಗಾಂಶ ಎಂದರೆ ಮೈಯ ಭಾಗಗಳನ್ನು ಹಿಡಿದು ಕಟ್ಟಿರುವ ನಾರು: ಕೀಲಿನ ಪಟ್ಟಿ, ಚರ್ಮ, ರಕ್ತನಾಳದ ಗೋಡೆ, ಕಣ್ಣಿನ ಮಸೂರ ತೂಗುವ ಎಳೆ, ಹೃದಯದ ಕವಾಟ ಎಲ್ಲದರಲ್ಲೂ ಅದೇ ನಾರು. ಹೊಸ ಹಗ್ಗ ತಡೆಯುವ ಜಗ್ಗಾಟವನ್ನು ಬಿಸಿಲಿಗೆ ಬಿದ್ದು ಜೀರ್ಣವಾದ ಹಗ್ಗ ತಡೆಯುವುದಿಲ್ಲ. ಹಾಗಾಗಿ "ಪೆಟ್ಟು ಸಣ್ಣದ್ರೀ" ಎಂಬ ಸಮಾಧಾನ ಇವರಿಗೆ ನಡೆಯದು.

1. ನೀವು ಈ ಗುಂಪಿನವರೇ?

ಇದರಲ್ಲಿ ಹೆಚ್ಚು ಕಾಣುವುದು ಮಾರ್ಫನ್ ಸಿಂಡ್ರೋಮ್. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುತ್ತದೆ. 1896ರಲ್ಲಿ ಆಂಟೊನಿ ಮಾರ್ಫನ್ ಎಂಬ ಫ್ರೆಂಚ್ ಮಕ್ಕಳ ವೈದ್ಯರು ಉದ್ದುದ್ದ ಬೆರಳಿನ ಐದು ವರ್ಷದ ಹುಡುಗಿಯೊಬ್ಬಳನ್ನು ವರ್ಣಿಸಿದರು, ಹೆಸರು ಅಲ್ಲಿಂದ ಬಂತು. ಫೈಬ್ರಿಲಿನ್ ಎಂಬ ನಾರಿನ ಜೀನ್‌ನಲ್ಲಿರುವ ದೋಷವೇ ಕಾರಣ ಎಂದು ಗೊತ್ತಾದದ್ದು 1991ರಲ್ಲಿ. ಇದೇ ಸಾಲಿನ ಇನ್ನೆರಡು ಹೆಸರು ಏಲರ್ಸ್-ಡ್ಯಾನ್ಲೋಸ್ ಮತ್ತು ಲೋಯಿಸ್-ಡೀಟ್ಸ್. ಏಲರ್ಸ್-ಡ್ಯಾನ್ಲೋಸ್‌ನಲ್ಲಿ ಹಲವು ಬಗೆ. ರಕ್ತನಾಳಕ್ಕೆ ತಗಲುವ ಬಗೆಯೇ ಎಲ್ಲಕ್ಕಿಂತ ಅಪಾಯದ್ದು: ಚರ್ಮ ತೆಳ್ಳಗೆ, ಒಳಗಿನ ನರ ಕಾಣುವಷ್ಟು, ಮುಟ್ಟಿದರೆ ಮೈ ಕಂದುಗಟ್ಟುತ್ತದೆ.

ಮನೆಯಲ್ಲೇ ನೋಡಬಹುದಾದ ಕೆಲವು ಗುರುತುಗಳಿವೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ. ಕಿರುಬೆರಳ ಕಡೆಯಿಂದ ಹೆಬ್ಬೆರಳಿನ ಉಗುರು ಪೂರ್ತಿ ಹೊರಗೆ ಇಣುಕಿದರೆ ಒಂದು ಗುರುತು. ಒಂದು ಕೈಯ ಹೆಬ್ಬೆರಳು, ಕಿರುಬೆರಳಿನಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಬಳಸಿ ಹಿಡಿಯಿರಿ. ಹೆಬ್ಬೆರಳಿನ ತುದಿ ಕಿರುಬೆರಳಿನ ಉಗುರನ್ನು ಪೂರ್ತಿ ಮುಚ್ಚಿದರೆ ಇನ್ನೊಂದು. ಎರಡೂ ಕೈ ಅಗಲಿಸಿ ಬೆರಳ ತುದಿಯಿಂದ ತುದಿಗೆ ಅಳೆಯಿರಿ. ಎತ್ತರ 170 ಸೆಂ.ಮೀ. ಇದ್ದು ಈ ಅಳತೆ 178 ದಾಟಿದರೆ ಯೋಚಿಸಬೇಕು. ಗೂನು ಬೆನ್ನು, ಒಳಗೆ ತಗ್ಗಿದ ಅಥವಾ ಮುಂದೆ ಉಬ್ಬಿದ ಎದೆಗೂಡು, ಕಮಾನಿನಂಥ ಅಂಗುಳ, ಚಪ್ಪಟೆ ಪಾದ, ಜಾರಿದ ಕಣ್ಣಿನ ಮಸೂರ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ "ಎದಿ ಒಡದು" ಸತ್ತವರು ಇದ್ದರೆ ಅವನ್ನೂ ಸೇರಿಸಿಕೊಳ್ಳಿ.

ಒಂದೇ ಗುರುತು ನೋಡಿ ರೋಗ ಹಚ್ಚಬೇಡಿ. ಉದ್ದ ಇರುವವರೆಲ್ಲ ಮಾರ್ಫನ್ ಅಲ್ಲ. ಮೂರ್ನಾಲ್ಕು ಕೂಡಿ ಬಂದರೆ ಮಾತ್ರ ಹೃದಯ ಮತ್ತು ಕಣ್ಣು ಎರಡನ್ನೂ ತೋರಿಸಿ.

2. ಪೆಟ್ಟು ಬೀಳುವ ಮೊದಲೇ ಮಾಡಿಟ್ಟುಕೊಳ್ಳುವ ಎರಡು ಕೆಲಸ

ಮೊದಲನೆಯದು, ಹಳೆಯ ಎಕೋ ವರದಿ. ಮಾರ್ಫನ್ ಇರುವ ಅನೇಕರಿಗೆ ಪೆಟ್ಟಿಲ್ಲದೆಯೇ ಹೃದಯದ ಎಡಗಡೆಯ ಮೈಟ್ರಲ್ ಕವಾಟ ಸ್ವಲ್ಪ ಜೋತು ಬಿದ್ದಿರುತ್ತದೆ, ಸ್ವಲ್ಪ ಸೋರುತ್ತಲೂ ಇರುತ್ತದೆ. ಬಿದ್ದ ಮೇಲೆ ಎಕೋದಲ್ಲಿ ಸೋರಿಕೆ ಕಂಡರೆ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ "ಇದು ಹಳೇದಾ, ಹೊಸದಾ?" ಹಳೆ ವರದಿ ಕೈಯಲ್ಲಿದ್ದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಇಲ್ಲದಿದ್ದರೆ ಊಹೆ. ವರ್ಷಕ್ಕೊಂದು ಎಕೋ ಹೇಗೂ ಬೇಕು; ವರದಿಯ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ.

ಎರಡನೆಯದು, ಜೇಬಿನ ಚೀಟಿ. ಆಧಾರ್ ಕಾರ್ಡಿನ ಹಿಂದೆ ಸೇರಿಸಿಡುವಷ್ಟು ಸಣ್ಣದು ಸಾಕು. ರೋಗದ ಹೆಸರು, ಮಹಾಪಧಮನಿಯ ಬುಡದ ಕೊನೆಯ ಅಳತೆ ಮತ್ತು ತಾರೀಖು, ನುಂಗುವ ಮಾತ್ರೆಗಳು, ರಕ್ತದ ಗುಂಪು, ಮನೆಯವರ ನಂಬರು. ಮಹಾಪಧಮನಿ ಎಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ. ಮಾರ್ಫನ್‌ನಲ್ಲಿ ಅದರ ಬುಡ ನಿಧಾನಕ್ಕೆ ಹಿಗ್ಗುತ್ತ ಹೋಗುತ್ತದೆ.

3. ಒಳಗೆ ಏನಾಗುತ್ತದೆ

ಇದು ಮಾಡುವ ಕೆಲಸವಲ್ಲ, ತಿಳಿದಿರಬೇಕಾದದ್ದು. ಕವಾಟಗಳು ಒಂದೇ ದಿಕ್ಕಿಗೆ ತೆರೆಯುವ ಬಾಗಿಲು. ಕಾಲುವೆಯ ತೂಬಿಗೆ ಹೋಲಿಸಿದರೂ ಸರಿ. ಹೃದಯ ಸಡಿಲಾದ ಕ್ಷಣದಲ್ಲಿ ಮಹಾಪಧಮನಿಯ ಬುಡದಲ್ಲಿರುವ ಅಯೋರ್ಟಿಕ್ ಕವಾಟ ಮುಚ್ಚಿಕೊಂಡು ಮೇಲಿನ ರಕ್ತದ ಭಾರ ಹೊತ್ತಿರುತ್ತದೆ. ಸರಿಯಾಗಿ ಅದೇ ಕ್ಷಣಕ್ಕೆ ಎದೆ ಅಮುಕಿದರೆ ಒತ್ತಡ ಒಮ್ಮೆಲೇ ಏರಿ ಕವಾಟದ ಎಸಳು ಹರಿಯುತ್ತದೆ ಅಥವಾ ಅಂಚಿನಿಂದ ಕಿತ್ತು ಬರುತ್ತದೆ. ಮೈಟ್ರಲ್ ಕವಾಟದಲ್ಲಿ ಎಸಳನ್ನು ಕೆಳಗಿನಿಂದ ಹಿಡಿದಿರುವ ದಾರದಂಥ ಎಳೆಗಳೋ ಅವು ನೆಟ್ಟ ಮಾಂಸದ ಗೂಟವೋ ತುಂಡಾಗುತ್ತದೆ. ಟ್ರೈಕಸ್ಪಿಡ್ ಕವಾಟ ಬಲಗಡೆಯದು, ಎದೆ ಎಲುಬಿನ ಬೆನ್ನಿಗೇ ಇರುತ್ತದೆ. ಅದು ಹರಿದರೆ ಎಷ್ಟೋ ಸಲ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಕಾಲು ಬಾತು, ಹೊಟ್ಟೆ ಉಬ್ಬಿದ ಮೇಲೆ ಬರುತ್ತಾರೆ, ಆ ಹಳೆ ಪೆಟ್ಟು ಅವರಿಗೇ ನೆನಪಿರುವುದಿಲ್ಲ.

4. ಪೆಟ್ಟು ಬಿದ್ದ ಮೊದಲ ಗಂಟೆ

ಕೂಡಲೇ 108ಕ್ಕೆ ಕರೆ ಮಾಡಬೇಕಾದ ಲಕ್ಷಣಗಳು ಇವು. ಏದುಸಿರು, ಅದರಲ್ಲೂ ಮಲಗಿದರೆ ಹೆಚ್ಚಾಗಿ ಎದ್ದು ಕೂತರೆ ಹಗುರಾಗುವ ಉಸಿರಾಟ. ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ. ಕಣ್ಣು ಕತ್ತಲೆ ಬಂದು ಬೀಳುವುದು. ಎದೆ ಸೀಳಿದಂತೆ ಶುರುವಾಗಿ ಬೆನ್ನಿಗೆ ಹೋಗುವ ನೋವು. ಈ ಕೊನೆಯದು ಕವಾಟದ್ದಲ್ಲದೆ ಮಹಾಪಧಮನಿಯ ಪದರ ಬಿರಿದದ್ದರ ಲಕ್ಷಣವೂ ಇರಬಹುದು. ಈ ರೋಗದವರಲ್ಲಿ ಎರಡೂ ಒಟ್ಟಿಗೇ ಬರಬಹುದು.

ಆಂಬುಲೆನ್ಸ್ ಬರುವವರೆಗೆ ಅಲುಗಾಡಿಸದೆ ಒರಗಿಸಿ ಕೂರಿಸಿ. ಎತ್ತರದಿಂದ ಬಿದ್ದು ಕುತ್ತಿಗೆ, ಬೆನ್ನು ನೋಯುತ್ತಿದ್ದರೆ ಎಬ್ಬಿಸದೆ ಹಾಗೇ ಬಿಡಿ. ಊಟ ಬೇಡ, ಆಪರೇಷನ್ ಬೇಕಾದರೆ ತೊಡಕು. ಚೆಂಡು ಬಡಿದೋ ಡಿಕ್ಕಿಯಾಗಿಯೋ ಪ್ರಜ್ಞೆ ತಪ್ಪಿ ಉಸಿರೇ ಇಲ್ಲವಾದರೆ ಮಾತ್ರ ಲೆಕ್ಕ ಬೇರೆ: ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಿ. "ಮಾರ್ಫನ್ ಐತಿ, ಒತ್ತಿದರೆ ಏನಾಗ್ತದೋ" ಎಂದು ಆಗ ಹಿಂಜರಿಯಬೇಡಿ.

ನಮ್ಮ ಕಡೆ ಈ ಹಂತದಲ್ಲಿ ಆಗುವ ತಪ್ಪುಗಳನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಾನಿ ಹೆಚ್ಚು ಆಗುವುದು ಇಲ್ಲೇ.

ಒಳಪೆಟ್ಟು ಎಂದು ಎದೆಗೆ ಎಣ್ಣೆ ಹಚ್ಚಿ ತಿಕ್ಕಿಸುವುದು, ಪಟ್ಟು ಹಾಕಿ ಬಿಗಿಯಾಗಿ ಕಟ್ಟಿಸುವುದು. ಮುರಿದ ಪಕ್ಕೆಲುಬು ಒಳಗೆ ಚುಚ್ಚುತ್ತದೆ, ಉಸಿರು ಕಟ್ಟುತ್ತದೆ, ಮೇಲಾಗಿ ಎರಡು ದಿನ ಹೋಗಿಬಿಡುತ್ತದೆ.

ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುವುದು. ಒಳಗೆ ರಕ್ತ ಸೋರುತ್ತಿದ್ದರೆ ಆಸ್ಪಿರಿನ್ ಅದನ್ನು ಹೆಚ್ಚಿಸುತ್ತದೆ. ವೈದ್ಯರು ನೋಡುವವರೆಗೆ ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ಸಾಕು.

"ನಾಡಿ ಸರಿ ಐತಿ" ಎಂದು ಸುಮ್ಮನಾಗುವುದು. ಮಾರ್ಫನ್ ಇರುವ ಬಹಳ ಜನ ಪ್ರೊಪ್ರನಲಾಲ್, ಅಟೆನಲಾಲ್ ಥರದ ಮಾತ್ರೆಯ ಮೇಲಿರುತ್ತಾರೆ. ಅವು ನಾಡಿಯನ್ನು ತಗ್ಗಿಸುವ ಮಾತ್ರೆಗಳು. ಒಳಗೆ ಸಂಕಟವಿದ್ದರೂ ನಾಡಿ ಎಪ್ಪತ್ತೆಂಬತ್ತರ ಮೇಲೆ ಹೋಗದೆ ಇರಬಹುದು.

5. ಎಲ್ಲಿಗೆ ಹೋಗಬೇಕು

ಬಳ್ಳಾರಿಯಲ್ಲಿ ಎಲ್ಲರೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್ ಮತ್ತು ಅದಕ್ಕೆ ಸೇರಿದ ಒಪೆಕ್ ಆಸ್ಪತ್ರೆ, ಕೊಪ್ಪಳದಲ್ಲಿ ಕಿಮ್ಸ್. ಹತ್ತಿರದ್ದಕ್ಕೆ ಹೋಗಿ. ಮೊದಲು ಅಲ್ಲಿ ಜೀವ ನಿಲ್ಲಬೇಕು. ಕವಾಟದ ಆಪರೇಷನ್ ಬೇಕು ಎಂದಾದರೆ ಮುಂದಿನ ದಾರಿ ಸಾಮಾನ್ಯವಾಗಿ ರಾಯಚೂರಿನವರಿಗೆ ಕಲಬುರಗಿಯ ಜಯದೇವ, ಕೊಪ್ಪಳದವರಿಗೆ ಗದಗ ದಾಟಿ ಹುಬ್ಬಳ್ಳಿ-ಧಾರವಾಡ, ಬಳ್ಳಾರಿಯವರಿಗೆ ಬೆಂಗಳೂರು. ಬೆಂಗಳೂರು ಮುನ್ನೂರು ಕಿಲೋಮೀಟರಿಗೂ ಮೇಲಿದೆ. ಏದುಸಿರು ಬಿಡುವವರನ್ನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಅಷ್ಟು ದೂರ ಹೋಗುವ ಸಾಹಸ ಬೇಡ. ಆಮ್ಲಜನಕ ಇರುವ ಆಂಬುಲೆನ್ಸ್, ಜೊತೆಗೆ ಸ್ಟಾಫ್, ಹೊರಡುವ ಮುಂಚೆ ಆ ಕಡೆಯ ಆಸ್ಪತ್ರೆಗೆ ಒಂದು ಫೋನು. ಫೋನನ್ನು ನೀವಲ್ಲ, ಕಳಿಸುವ ವೈದ್ಯರೇ ಮಾಡಲಿ.

6. ಒಳಗೆ ಹೋದ ಕೂಡಲೇ ಹೇಳಬೇಕಾದ ಮಾತು

"ಮಾರ್ಫನ್ ಇದೆ, ಎದೆಗೆ ಪೆಟ್ಟು ಬಿದ್ದಿದೆ." ಎರಡನ್ನೂ ಒಂದೇ ಉಸಿರಿಗೆ ಹೇಳಿ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಏನಾಗುತ್ತದೆ ನೋಡಿ.

ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಎದೆನೋವು ಎಂದು ಬಂದವರಿಗೆ ಇಸಿಜಿ ತೆಗೆದು, ಹೃದಯಾಘಾತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಒಳ್ಳೆಯ ಯೋಜನೆ, ಜೀವ ಉಳಿಸುತ್ತದೆ. ಆದರೆ ಪೆಟ್ಟಿನಿಂದ ಹೃದಯದ ಮಾಂಸ ಜಜ್ಜಿದರೂ, ಮಹಾಪಧಮನಿ ಬಿರಿದರೂ ಇಸಿಜಿ ಹೃದಯಾಘಾತದಂತೆಯೇ ಕಾಣಬಹುದು. ಅಂಥವರಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ರಕ್ತಸ್ರಾವ ತಡೆಯಲಾಗದು. ಬಿದ್ದದ್ದನ್ನು ಹೇಳದೆ ಬರೀ "ಎದಿನೋವ್ರಿ" ಎಂದರೆ ಡ್ಯೂಟಿ ಡಾಕ್ಟರಿಗೆ ಅದು ಗೊತ್ತಾಗುವುದಾದರೂ ಹೇಗೆ? ಪೊಲೀಸ್ ಕೇಸ್ ಆಗುತ್ತದೆಂದು, ಇನ್ಶೂರೆನ್ಸ್ ಸಿಗದೆಂದು ಬಿದ್ದದ್ದನ್ನೋ ಹಳೆ ರೋಗವನ್ನೋ ಮುಚ್ಚಿಡುವವರಿದ್ದಾರೆ. ಕ್ಲೇಮಿನ ಮಾತನ್ನು ವಕೀಲರಿಗೆ ಬಿಡಿ, ಡಾಕ್ಟರ ಮುಂದೆ ಬೇಡ.

ಇನ್ನೊಂದು ಮಾತನ್ನು ವಿನಯದಿಂದಲೇ ಕೇಳಿ: "ಸರ್, ಎರಡೂ ಕೈಯಲ್ಲಿ ಬಿಪಿ ನೋಡ್ತೀರಾ?" ಎರಡು ಕೈಯ ಬಿಪಿಯಲ್ಲಿ ದೊಡ್ಡ ಅಂತರ ಬಂದರೆ ಮಹಾಪಧಮನಿಯ ಬಿರುಕನ್ನು ಶಂಕಿಸಬೇಕು.

7. ಪರೀಕ್ಷೆಗಳು

ಇಸಿಜಿ ಹೃದಯದ ವಿದ್ಯುತ್ತನ್ನು ಓದುತ್ತದೆ. ಟ್ರೋಪೋನಿನ್ ರಕ್ತಪರೀಕ್ಷೆ ಹೃದಯದ ಮಾಂಸ ಜಜ್ಜಿದೆಯೇ ಹೇಳುತ್ತದೆ. ಎರಡೂ ಬೇಕು. ಆದರೆ ಬರೀ ಎಸಳೊಂದು ಹರಿದು ಮಾಂಸಕ್ಕೆ ಏನೂ ಆಗದಿದ್ದರೆ ಎರಡೂ ನಾರ್ಮಲ್ ಬರಬಹುದು. ಬಾಗಿಲ ಕೀಲು ಮುರಿದದ್ದನ್ನು ಮನೆಯ ಕರೆಂಟು ಮೀಟರ್ ಹೇಳುವುದಿಲ್ಲವಲ್ಲ. ಎಕ್ಸ್‌ರೇ ಕೂಡ ಹಾಗೆಯೇ: ಸೋರಿಕೆ ಹೊಸದಾದರೆ ಹೃದಯ ಹಿಗ್ಗಲು ಸಮಯವೇ ಸಿಕ್ಕಿರುವುದಿಲ್ಲ, ಗಾತ್ರ ಸರಿಯಾಗಿಯೇ ಕಾಣುತ್ತದೆ.

ಬಾಗಿಲನ್ನೇ ನೋಡುವುದು ಎಕೋ. ಮೊದಲ ಸಲ ಮಾಡಿಸುವವರಿಗೆ ಹೇಳುತ್ತೇನೆ, ಹೆದರುವಂಥದ್ದು ಏನಿಲ್ಲ. ಅಂಗಿ ತೆಗೆಸಿ ಎಡ ಮಗ್ಗುಲಿಗೆ ಮಲಗಿಸುತ್ತಾರೆ. ತಣ್ಣನೆಯ ಜೆಲ್ ಹಚ್ಚಿ ಪಕ್ಕೆಲುಬಿನ ಸಂದಿಗೆ ಪ್ರೋಬ್ ಒತ್ತುತ್ತಾರೆ. ಪೆಟ್ಟು ಬಿದ್ದ ಜಾಗವಾದರೆ ಸ್ವಲ್ಪ ನೋಯುತ್ತದೆ, ಹೇಳಿ. ಪರದೆಯ ಮೇಲೆ ಬೂದು ಬಣ್ಣದ ಬೀಸಣಿಗೆ, ಅದರೊಳಗೆ ಪಟಪಟ ಬಡಿಯುವ ಎರಡು ಎಸಳು. ಬಣ್ಣ ಹಾಕಿದಾಗ ಪ್ರೋಬ್ ಕಡೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ಮುಚ್ಚಿರಬೇಕಾದ ಬಾಗಿಲ ಸಂದಿಯಿಂದ ಹಸಿರು, ಹಳದಿ, ನೀಲಿ ಕಲಸಿದ ಒಂದು ಚಿಲುಮೆ ಹಿಂದಕ್ಕೆ ಚಿಮ್ಮಿದರೆ ಅದೇ ಸೋರಿಕೆ. ಹರಿದ ಎಸಳು ಗಾಳಿಗೆ ಸಿಕ್ಕ ಬಟ್ಟೆಯ ತುದಿಯಂತೆ ಆಚೆ ಕೋಣೆಗೆ ಹೊಯ್ದಾಡುತ್ತದೆ. ವರದಿಯಲ್ಲಿ ಅದನ್ನು ಫ್ಲೇಲ್ ಎಂದು ಬರೆಯುತ್ತಾರೆ.

ವರದಿ ಓದುವಾಗ ಎಂಆರ್, ಎಆರ್, ಟಿಆರ್ ಎಂದಿದ್ದರೆ ಕ್ರಮವಾಗಿ ಮೈಟ್ರಲ್, ಅಯೋರ್ಟಿಕ್, ಟ್ರೈಕಸ್ಪಿಡ್ ಕವಾಟದ ಸೋರಿಕೆ. ಮುಂದೆ ಮೈಲ್ಡ್, ಮಾಡರೇಟ್, ಸಿವಿಯರ್ ಎಂದಿರುತ್ತದೆ: ಸ್ವಲ್ಪ, ಮಧ್ಯಮ, ತೀವ್ರ. ಹಳೆ ವರದಿಯಲ್ಲಿ ಸ್ವಲ್ಪ ಇದ್ದದ್ದು ಈಗ ತೀವ್ರ ಎಂದಾದರೆ ಅದೇ ದೊಡ್ಡ ಸುದ್ದಿ.

ಇಲ್ಲೊಂದು ಬಲೆ ಇದೆ, ವಿದ್ಯಾವಂತರೂ ಬೀಳುತ್ತಾರೆ. ಎಲ್ಲರೂ ನೋಡುವುದು ಇಎಫ್ ಎಂಬ ಅಂಕಿ, ಅಂದರೆ ಒಂದು ಬಡಿತಕ್ಕೆ ಹೃದಯ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟನ್ನು ತಳ್ಳುತ್ತದೆ ಎಂಬ ಲೆಕ್ಕ. "ಇಎಫ್ 65 ಐತಿ, ಪಂಪ್ ಚೆನ್ನಾಗೈತಿ." ಆದರೆ ಮೈಟ್ರಲ್ ಹರಿದಾಗ ಅರ್ಧ ರಕ್ತ ಹಿಂದಕ್ಕೆ ಹೋಗುತ್ತಿದ್ದರೂ ಅದು ತಳ್ಳಿದ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಅಂಕಿ ಚೆನ್ನಾಗಿದ್ದು ಮನುಷ್ಯ ಮುಳುಗುತ್ತಿರುತ್ತಾನೆ. ಇಎಫ್ ಒಂದನ್ನೇ ನೋಡಿ ಸಮಾಧಾನ ಪಡಬೇಡಿ.

ಎದೆ ಬಾತಿದ್ದರೆ, ಪಕ್ಕೆಲುಬು ಮುರಿದಿದ್ದರೆ, ಎದೆಗೂಡು ಒಳಗೆ ತಗ್ಗಿದ್ದರೆ ಮೇಲಿನಿಂದ ಚಿತ್ರ ಸರಿಯಾಗಿ ಬರುವುದಿಲ್ಲ. ಆಗ ಅನ್ನನಾಳದೊಳಗೆ ಸಣ್ಣ ಪ್ರೋಬ್ ಇಳಿಸಿ ಹಿಂದಿನಿಂದ ನೋಡುತ್ತಾರೆ, ಅದು ಟಿಇಇ. ಮಹಾಪಧಮನಿಯ ಬಿರುಕಿನ ಸಂಶಯವಿದ್ದರೆ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳನ್ನು ನೋಡುವ ಸಿಟಿ ಸ್ಕ್ಯಾನ್. ರಕ್ತನಾಳದ ಏಲರ್ಸ್-ಡ್ಯಾನ್ಲೋಸ್ ಇರುವವರಿಗೆ ತೊಡೆಯಿಂದ ತಂತಿ ಹಾಕಿ ಮಾಡುವ ಆಂಜಿಯೋಗ್ರಾಂನಲ್ಲಿ ನಾಳವೇ ಹರಿಯುವ ಭಯ ಇರುತ್ತದೆ. ಆದಷ್ಟು ಸಿಟಿಯಲ್ಲೇ ಮುಗಿಸುವುದು ಲೇಸು. ರೋಗದ ಹೆಸರು ಹೇಳದಿದ್ದರೆ ಈ ವಿಚಾರ ಯಾರಿಗೂ ಹೊಳೆಯುವುದಿಲ್ಲ.

8. ಎಕೋ ನಾರ್ಮಲ್ ಬಂತು, ಮನೆಗೆ ಕಳಿಸಿದರು. ಮುಂದೆ?

ಅರ್ಧ ಸೀಳಿದ ಎಸಳು, ಜಜ್ಜಿದ ಗೂಟ ಆ ದಿನ ಹಿಡಿದುಕೊಂಡಿದ್ದು ದಿನಗಳೋ ವಾರಗಳೋ ಕಳೆದ ಮೇಲೆ ಕಿತ್ತು ಬರಬಹುದು. ಆದ್ದರಿಂದ ಎರಡು ಮೂರು ವಾರದ ನಂತರ ಇನ್ನೊಂದು ಎಕೋ ಮಾಡಿಸಿ ಎನ್ನುವುದು ನನ್ನ ರೂಢಿ, ತೊಂದರೆ ಇರಲಿ ಬಿಡಲಿ. ನಡುವೆ ಲಕ್ಷಣ ಕಂಡರೆ ಅದೇ ದಿನ.

ಲಕ್ಷಣ ದೊಡ್ಡದಾಗಿಯೇ ಬರಬೇಕೆಂದಿಲ್ಲ. ನೀವೇ ಗಮನಿಸಿ: ಮೊದಲು ಒಂದು ದಿಂಬು ಸಾಕಾಗುತ್ತಿತ್ತು, ಈಗ ಎರಡು ಬೇಕೇ? ರಾತ್ರಿ ಎರಡಕ್ಕೆ ಉಸಿರು ಕಟ್ಟಿ ಎದ್ದು ಕಿಟಕಿ ತೆರೆಯುತ್ತೀರೇ? ಆನೆಗೊಂದಿಯ ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆಯುವಾಗ ಮೊದಲಿಲ್ಲದ ಕಡೆ ನಿಲ್ಲುತ್ತೀರೇ? ಸಂಜೆ ಚಪ್ಪಲಿಯ ಪಟ್ಟಿ ಕಾಲಲ್ಲಿ ಅಚ್ಚೊತ್ತುತ್ತದೆಯೇ?

ಈ ದಿನಗಳಲ್ಲಿ ಬಿಪಿ ಮಾತ್ರೆ ನಿಲ್ಲಿಸಬೇಡಿ. ಚೀಲ ಎತ್ತುವುದು, ಕಬಡ್ಡಿ, ಜಿಮ್ಮಿನಲ್ಲಿ ಮುಕ್ಕರಿದು ಭಾರ ಎತ್ತುವುದು ಬೇಡ. ನಿಜ ಹೇಳಬೇಕೆಂದರೆ ಮಾರ್ಫನ್ ಇರುವವರಿಗೆ ಇವು ಯಾವತ್ತೂ ಬೇಡ. ಮಿಲ್ಲಿನ ಹಮಾಲಿ ಕೆಲಸದವರಿಗೆ ಇದನ್ನು ಹೇಳುವುದು ಸುಲಭ, ಪಾಲಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ತೂಕ ಬರೆಯುವ, ಚೀಲ ಹೊಲಿಯುವ ಕೆಲಸಕ್ಕೆ ಬದಲಿಸಿಕೊಡಿ ಎಂದು ಮಾಲೀಕರಿಗೆ ಚೀಟಿ ಬರೆದುಕೊಟ್ಟದ್ದೂ ಇದೆ.

ಜ್ವರ, ಉರಿಮೂತ್ರ, ಭೇದಿಗೆ ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಜಾತಿಯ ಮಾತ್ರೆಯನ್ನು ಕೇಳದೆ ನುಂಗಬೇಡಿ. ಮಾರ್ಫನ್, ಏಲರ್ಸ್-ಡ್ಯಾನ್ಲೋಸ್ ಇರುವವರಲ್ಲಿ ಇವು ಮಹಾಪಧಮನಿಗೆ ಅಪಾಯ ತರಬಹುದು, ಬೇರೆ ದಾರಿ ಇದ್ದರೆ ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. ನಮ್ಮಲ್ಲಿ ಇವು ಚಾಕಲೇಟಿನಂತೆ ಸಿಗುತ್ತವೆ.

9. ಆಪರೇಷನ್ ಎಂದರೆ

ಸೋರಿಕೆ ತೀವ್ರವಾಗಿ ಉಸಿರಾಟಕ್ಕೆ ತೊಂದರೆ ಬಂದರೆ ಔಷಧಿಯಿಂದ ಕಾಲ ತಳ್ಳಲಾಗುವುದಿಲ್ಲ. ಕವಾಟವನ್ನು ಹೊಲಿದು ರಿಪೇರಿ ಮಾಡುತ್ತಾರೆ, ಇಲ್ಲವೇ ಬದಲಿಸುತ್ತಾರೆ. ಮಹಾಪಧಮನಿಯ ಬುಡವೂ ಹಿಗ್ಗಿದ್ದರೆ ಕವಾಟ, ಬುಡ ಎರಡನ್ನೂ ಒಟ್ಟಿಗೆ ಬದಲಿಸುವ ಬೆಂಟಾಲ್ ಎಂಬ ಹೆಸರು ಕೇಳುತ್ತೀರಿ. 1968ರಿಂದ ಇರುವ ವಿಧಾನ. ಮಾರ್ಫನ್‌ನಲ್ಲಿ ಪೆಟ್ಟು ಬೀಳದಿದ್ದರೂ ಬುಡ 50 ಮಿ.ಮೀ. ತಲುಪಿದರೆ ಆಪರೇಷನ್ ಮಾತು ಬರುತ್ತದೆ. ಮನೆತನದಲ್ಲಿ ಬಿರಿದ ಚರಿತ್ರೆ ಇದ್ದರೆ ಇನ್ನೂ ಮೊದಲೇ.

ಲೋಹದ ಕವಾಟ ಹಾಕಿದರೆ ಜೀವನಪೂರ್ತಿ ರಕ್ತ ತೆಳುಮಾಡುವ ವಾರ್ಫರಿನ್ ಥರದ ಮಾತ್ರೆ, ಅದರ ಪ್ರಮಾಣ ಸರಿ ಇದೆಯೇ ನೋಡಲು ಆಗಾಗ ಐಎನ್‌ಆರ್ ಎಂಬ ರಕ್ತಪರೀಕ್ಷೆ. ಸೊಪ್ಪು ಈ ಮಾತ್ರೆಯ ಬಲ ತಗ್ಗಿಸುತ್ತದೆ, ಅದಕ್ಕೇ ಪುಂಡಿಪಲ್ಯ, ಮೆಂತ್ಯ, ಪಾಲಕ್ ತಿನ್ನಲೇಬಾರದು ಎಂದು ಯಾರೋ ಹೇಳಿರುತ್ತಾರೆ. ಹಾಗಲ್ಲ. ವಾರಕ್ಕೆ ಎಷ್ಟು ತಿನ್ನುತ್ತಿದ್ದಿರೋ ಅಷ್ಟನ್ನೇ ತಿನ್ನಿ. ಒಂದು ವಾರ ದಿನಾ, ಮುಂದಿನ ವಾರ ಇಲ್ಲವೇ ಇಲ್ಲ ಎಂದಾದರೆ ಮಾತ್ರ ಲೆಕ್ಕ ತಪ್ಪುತ್ತದೆ. ಹಲ್ಲು ಕೀಳಿಸುವ ಮುಂಚೆ ಕವಾಟದ ವಿಷಯ ಹೇಳಿ, ಮೊದಲೇ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಲೋಹದ್ದೋ ಬೇರೆಯದೋ, ಯಾವ ಬಗೆಯ ಕವಾಟ ಹಾಕಬೇಕು ಎಂಬ ಮಾತನ್ನು ಆಪರೇಷನ್ನಿಗೆ ಮೊದಲೇ ಎತ್ತಬೇಕು. ವಾರ್ಫರಿನ್ ಹೊಟ್ಟೆಯ ಕೂಸಿಗೆ ಹಾನಿ ಮಾಡುತ್ತದೆ.

10. ದುಡ್ಡು ಮತ್ತು ಕಾಗದ

ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಖರ್ಚಿನ ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ದೊಡ್ಡ ಆಸ್ಪತ್ರೆಗೆ ಹೋಗುವಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳಿ ಪಡೆಯಿರಿ, ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ರಸ್ತೆ ಅಪಘಾತವಾದರೆ 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಮೊದಲ ಏಳು ದಿನಕ್ಕೆ 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ, ಎಪಿಎಲ್-ಬಿಪಿಎಲ್ ಭೇದವಿಲ್ಲ. ಎಂಎಲ್‌ಸಿ, ಅಂದರೆ ಅಪಘಾತದ ಕೇಸೆಂದು ಆಸ್ಪತ್ರೆ ಮಾಡುವ ನೋಂದಣಿಯಲ್ಲಿ ಎದೆಗೆ ಪೆಟ್ಟು ಬಿದ್ದದ್ದನ್ನು ಆ ದಿನವೇ ಬರೆಸಿ. ಕಾಲು ಮುರಿದದ್ದನ್ನಷ್ಟೇ ಬರೆಸಿ ಎದೆಯನ್ನು ಬಿಟ್ಟವರು ಎರಡು ತಿಂಗಳ ಮೇಲೆ ಕವಾಟ ಸೋರಿದಾಗ ಪರದಾಡುತ್ತಾರೆ.

11. ಮನೆಯ ಉಳಿದವರು

ಪೆಟ್ಟು ಬಿದ್ದ ಮೇಲೆಯೇ ರೋಗ ಗೊತ್ತಾದ ಮನೆಗಳೂ ಇವೆ. ಆಗ ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರಿಗೂ ಒಂದೊಂದು ಎಕೋ ಬೇಕು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಮಾತ್ರ ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಬಂದಿರುತ್ತದೆ. ಸೋದರಮಾವನನ್ನು ಮದುವೆಯಾದದ್ದಕ್ಕೇ ಹೀಗಾಯಿತು ಎಂದು ಸೊಸೆಯನ್ನು ಹಂಗಿಸುವುದನ್ನು ಕೇಳಿದ್ದೇನೆ. ಮಾರ್ಫನ್ ಬರಲು ಇಬ್ಬರ ಕಡೆಯಿಂದಲೂ ಬರಬೇಕಿಲ್ಲ, ಒಬ್ಬರದೇ ಸಾಕು. ರಕ್ತಸಂಬಂಧದ ಮದುವೆಗೂ ಇದಕ್ಕೂ ನಂಟಿಲ್ಲ. ಎಕೋ ಮಾಡಿಸುವಾಗ ತಮ್ಮನನ್ನೂ ಕರೆತನ್ನಿ, ಅವನಿಗೇನೂ ತೊಂದರೆ ಇಲ್ಲ ಎನ್ನುತ್ತಿದ್ದರೂ.